ಅತ್ತೆಯ ಒಂದೇ ಫೋಟೊ ಮತ್ತು ನನ್ನ ಆಕಾಶನೌಕೆ

ಆಕಾಶದಲ್ಲಿ ನೌಕೆಯನ್ನು ತಿರುಗಿಸುವುದು ನೆಲದ ಮೇಲೆ ಸೈಕಲ್ಲು ತಿರುಗಿಸುವುದಕ್ಕಿಂತ ಸುಲಭ ಎಂದು ನಾನು ಒಂಬತ್ತನೆಯ ತರಗತಿಯ ಮಕ್ಕಳಿಗೆ ಪಾಠ ಮಾಡಿದ್ದೆ. ನನಗೆ ಸೈಕಲ್ಲು ಬಿಡಲು ಬರುತ್ತಿರಲಿಲ್ಲ. ಆಕಾಶಕ್ಕೆ ಹೋಗಿ ಬಂದ ಅನುಭವವೂ ಇರಲಿಲ್ಲ. ಆದರೂ ಮಕ್ಕಳು ನಂಬಿದರು. ಬೆತ್ತ ನನ್ನ ಕೈಯಲ್ಲಿ ಇದ್ದುದರಿಂದ ನಂಬದೆ ಇರಲು ಅವರಿಗೆ ಹೆಚ್ಚಿನ ಅವಕಾಶವಿರಲಿಲ್ಲ.

ಆಗ ನಾನು ಬಂಟ್ವಾಳದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ಟ್ರು. ಮನೆ ಹೊಳೆಬದಿಯ ನರಿಕೊಂಬಿನಲ್ಲಿ. ಅರವತ್ತರ ದಶಕ ಶುರುವಾಗಿತ್ತು. ರಷ್ಯಾದವರು ಮೊದಲು ನಾಯಿಯನ್ನೂ ಆಮೇಲೆ ಮನುಷ್ಯನನ್ನೂ ಮೇಲಕ್ಕೆ ಕಳುಹಿಸಿ, ಕೆಳಗಿದ್ದ ವಿಜ್ಞಾನದ ಮಾಸ್ಟ್ರುಗಳ ಬೆಲೆಯನ್ನು ಒಮ್ಮೆಲೇ ಏರಿಸಿದ್ದರು. ಬಸ್ಸಿನಲ್ಲಿ ಗುರುತಿಲ್ಲದವರು ಕೂಡ ನನ್ನ ಹತ್ತಿರ ಸರಿದು, “ಆ ನಾಯಿಗೆ ಊಟಕ್ಕೆ ಎಂಥ ಮಾಡ್ತಾರೆ ಮಾಸ್ಟ್ರೇ?” ಎಂದು ಕೇಳುತ್ತಿದ್ದರು. ನಾನು ಸ್ವಲ್ಪ ಹೊತ್ತು ಯೋಚಿಸಿದವನ ಹಾಗೆ ಕೂತು, ಆಮೇಲೆ ಏನಾದರೊಂದು ಹೇಳುತ್ತಿದ್ದೆ.

ಅದೇ ದಿನಗಳಲ್ಲಿ ಒಂದು ಇಂಗ್ಲಿಷ್ ಮಾಸಪತ್ರಿಕೆಯ ಹಳೆಯ ಸಂಚಿಕೆ ನನ್ನ ಕೈಗೆ ಸಿಕ್ಕಿತು. ಅದರಲ್ಲಿ ಆಕಾಶನೌಕೆ ಹೇಗೆ ತಿರುಗುತ್ತದೆ ಎಂಬ ಲೇಖನವಿತ್ತು. ನೌಕೆಯ ಮೈಯಲ್ಲಿ ಬೆರಳಿನ ಗಾತ್ರದ ಸಣ್ಣ ಕೊಳವೆಗಳು ಇರುತ್ತವೆ. ಎಡಕ್ಕೆ ತಿರುಗಬೇಕಾದರೆ ಬಲಕ್ಕೆ ಒಂದು ಸಲ ‘ಪುಸ್ಸ್’ ಎಂದು ಅನಿಲ ಊದುತ್ತದೆ. ಬಲಕ್ಕೆ ತಿರುಗಬೇಕಾದರೆ ಎಡಕ್ಕೆ. ಅಷ್ಟೇ. ಲೇಖನದ ಕೊನೆಯ ಪುಟ ಯಾರೋ ಕಡಲೆ ಕಟ್ಟಲು ಹರಿದುಕೊಂಡಿದ್ದರು. ಇಷ್ಟು ಸರಳವಾದ ವಿಷಯದಲ್ಲಿ ಕೊನೆಯ ಪುಟಕ್ಕೆ ಹೇಳಲು ಏನು ಉಳಿದಿರುತ್ತದೆ ಎಂದು ನಾನು ಅದನ್ನು ಹುಡುಕಲು ಹೋಗಲಿಲ್ಲ. ಅದರಲ್ಲಿ ಏನಿತ್ತು ಎಂಬುದು ನನಗೆ ಮುಂದೆ ತಿಳಿಯಿತು, ಆದರೆ ಪತ್ರಿಕೆಯಿಂದ ಅಲ್ಲ.

ನಮ್ಮ ಶಾಲೆಯಲ್ಲಿ ಶನಿವಾರ ವಿಜ್ಞಾನ ಪ್ರದರ್ಶನ ಇತ್ತು. ಇತರ ಮಾಸ್ಟ್ರುಗಳು ಕಪ್ಪೆಯ ಹೃದಯ, ಮಂಜುಗಡ್ಡೆ, ಸಾಬೂನು ತಯಾರಿ ಎಂದೆಲ್ಲ ಹೆಸರು ಕೊಟ್ಟಿದ್ದರು. ನಾನು ‘ಸ್ವಯಂ ತಿರುಗಿ ಸಭೆಯ ಚಿತ್ರ ತೆಗೆಯುವ ಆಕಾಶನೌಕೆ’ ಎಂದು ಬರೆದುಕೊಟ್ಟೆ. ಹೆಡ್‌ಮಾಸ್ಟ್ರು ಚೀಟಿಯನ್ನು ಎರಡು ಸಲ ಓದಿ, ಕನ್ನಡಕ ತೆಗೆದು, ಇನ್ನೊಂದು ಸಲ ಓದಿದರು.

ನೌಕೆಗೆ ಬೇಕಾದ ಬಿಸ್ಕತ್ತಿನ ಡಬ್ಬಿ ಮನೆಯಲ್ಲೇ ಇತ್ತು. ಕೊಳವೆಗಳನ್ನು ಬಿದಿರಿನಲ್ಲಿ ಮಾಡಿದೆ. ಊದುವುದಕ್ಕೆ ಅನಿಲ ಎಲ್ಲಿಂದ ತರುವುದು? ಮದುವೆ ದಿಬ್ಬಣಗಳಿಗೆ ಗರ್ನಾಲು ಸಿಡಿಸುವ ಒಬ್ಬರು ಪರಿಚಯದವರು ಇದ್ದರು. ಅವರು ವಿದ್ಯೆಯ ಮೇಲಿನ ಗೌರವದಿಂದ ಒಂದು ಪೊಟ್ಟಣ ಸಿಡಿಮದ್ದು ಕೊಟ್ಟರು. ಇನ್ನು ಬೇಕಾದದ್ದು ಕ್ಯಾಮರಾ ಒಂದೇ.

ಇಲ್ಲಿ ನಾನು ನನ್ನ ಅತ್ತೆಯ ವಿಷಯ ಹೇಳಬೇಕು. ಹೇಳದಿದ್ದರೆ ಇದು ಬರೀ ಹೊಗೆಯ ಕಥೆಯಾಗುತ್ತದೆ.

ನನ್ನ ಹೆಂಡತಿ ವಾರಿಜಳ ತಾಯಿ ಬೆಳುವಾಯಿಯಲ್ಲಿದ್ದರು. ಎಪ್ಪತ್ತೈದರ ಹತ್ತಿರದ ಪ್ರಾಯ. ಬೆನ್ನು ಬಾಗಿರಲಿಲ್ಲ, ಮಾತಂತೂ ಯಾವತ್ತೂ ಬಾಗಿದ್ದಿಲ್ಲ. ಅವರ ಒಂದು ಫೋಟೊ ಕೂಡ ಲೋಕದಲ್ಲಿ ಇರಲಿಲ್ಲ. ಮಾವನ ಪಟ ತೆಗೆಸಿದ ಒಂದೂವರೆ ತಿಂಗಳಲ್ಲಿ ಮಾವ ತೀರಿಕೊಂಡಿದ್ದರು. ಮಾವನಿಗೆ ಅದಕ್ಕೆ ಮೊದಲೇ ಎರಡು ವರ್ಷದಿಂದ ಕ್ಷಯ ಇತ್ತು ಎಂಬುದನ್ನು ಅತ್ತೆ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಪಟ ಹಿಡಿದರೆ ಆಯುಷ್ಯ ಹಿಡಿದ ಹಾಗೆ ಎಂಬುದು ಅವರ ಸಿದ್ಧಾಂತ. ವಾರಿಜ ಮದುವೆಯಾದಂದಿನಿಂದ, ಅಂದರೆ ಹನ್ನೆರಡು ವರ್ಷದಿಂದ, ಅಮ್ಮನ ಒಂದು ಫೋಟೊ ಬೇಕೆಂದು ಹಟ ಹಿಡಿದಿದ್ದಳು. ಆ ವರ್ಷ ಕೊನೆಗೂ ಅತ್ತೆ ಒಪ್ಪಿದರು. ನಮ್ಮ ಮಗಳಿಗೆ ಆಗ ನಾಲ್ಕು ವರ್ಷ. “ನಾಳೆ ನೀವಿಲ್ಲದಾಗ ಇವಳಿಗೆ ಅಜ್ಜಿಯ ಮುಖವೇ ನೆನಪಿರುವುದಿಲ್ಲ ಅಮ್ಮ” ಎಂದು ವಾರಿಜ ಹೇಳಿದ ಮಾತು ಅವರಿಗೆ ತಾಗಿತು.

ಆದರೆ ಅತ್ತೆ ಸುಮ್ಮನೆ ಒಪ್ಪುವ ಜನ ಅಲ್ಲ. ಚಾವಡಿಯಲ್ಲಿ ಮನೆಯ ದೈವದ ಎದುರು ದೀಪ ಹಚ್ಚಿ, ಎಳನೀರು ಇಟ್ಟು, ಕೈಮುಗಿದು ಹೇಳಿದರು: “ಮೊಮ್ಮಗಳ ಆಸೆಗೆ ಒಂದು ಸಲ ಕೂತುಕೊಳ್ತೇನೆ. ಒಂದೇ ಸಲ. ಎರಡನೇ ಸಲ ಯಾರು ಹೇಳಿದ್ರೂ ಇಲ್ಲ. ಕಾಯಬೇಕು.” ಅವರು ಹೇಳಿದ್ದು ತುಳುವಿನಲ್ಲಿ. ನಾನು ಕನ್ನಡದಲ್ಲಿ ಬರೆದಿದ್ದೇನೆ, ಆದ್ದರಿಂದ ಗಟ್ಟಿತನ ಸ್ವಲ್ಪ ಕಡಿಮೆಯಾಗಿದೆ.

ಆ ಒಂದು ಸಲ ಆದಿತ್ಯವಾರಕ್ಕೆ ನಿಶ್ಚಯವಾಗಿತ್ತು. ನನ್ನ ಪ್ರದರ್ಶನದ ಮಾರನೆಯ ದಿನ.

ಫೋಟೊ ತೆಗೆಯಬೇಕಾದವನು ಹಸನಬ್ಬ. ನನ್ನ ಜೊತೆ ಶಾಲೆಗೆ ಹೋದವನು, ಮೂಡಬಿದ್ರೆಯಲ್ಲಿ ಸಣ್ಣ ಸ್ಟುಡಿಯೊ ಇಟ್ಟಿದ್ದ. ಸ್ಟುಡಿಯೊದ ದೊಡ್ಡ ಕ್ಯಾಮರಾ ಮೂರು ಕಾಲಿನ ಮೇಲೆ ನಿಂತಲ್ಲೇ ನಿಂತಿರುತ್ತಿತ್ತು. ಮನೆಗಳಿಗೆ ಹೋಗುವಾಗ ಅವನು ಒಯ್ಯುತ್ತಿದ್ದದ್ದು ಒಂದು ಮಡಚುವ ಕ್ಯಾಮರಾ. ಮುಚ್ಚಳ ತೆರೆದರೆ ಹಾರ್ಮೋನಿಯಂ ಹಾಗೆ ಮುಂದಕ್ಕೆ ಬರುತ್ತಿತ್ತು. ಗುರುವಾರ ನಾನು ಬಸ್ಸು ಹತ್ತಿ ಮೂಡಬಿದ್ರೆಗೆ ಹೋಗಿ, ಅದನ್ನು ಕೊಡು, ಆದಿತ್ಯವಾರ ನಾನೇ ಬೆಳುವಾಯಿಗೆ ತರುತ್ತೇನೆ ಎಂದೆ.

ಹಸನಬ್ಬ ಕ್ಯಾಮರಾವನ್ನು ಎದೆಗೆ ಒತ್ತಿ ಹಿಡಿದುಕೊಂಡ.

“ಇದರ ಗಾಜಿಗೆ ಬೆರಳು ತಾಗಿಸಬೇಡ ಮಾರಾಯ. ನನ್ನ ಹೆಂಡತಿಗೂ ಇದನ್ನು ಮುಟ್ಲಿಕ್ಕೆ ಕೊಡುವುದಿಲ್ಲ ನಾನು.”

“ನಾನು ವಿಜ್ಞಾನದ ಮಾಸ್ಟ್ರು.”

“ಅದಕ್ಕೇ ಹೇಳಿದ್ದು.”

ನಾನು ಮಾತು ಕೊಟ್ಟೆ. ಗಾಜಿಗೆ ನನ್ನ ಬೆರಳು ತಾಗಲಿಲ್ಲ ಎಂದು ಈಗಲೂ ಯಾವ ಸತ್ಯದ ಕಲ್ಲಿನ ಮುಂದೆ ಬೇಕಾದರೂ ಹೇಳುತ್ತೇನೆ. ಕನಿಷ್ಠ ಶನಿವಾರ ಮಧ್ಯಾಹ್ನದವರೆಗೆ ತಾಗಲಿಲ್ಲ.

ಮನೆಗೆ ತಂದ ಕೂಡಲೇ ವಾರಿಜ ಕೇಳಿದಳು, “ಅದು ಬೇಕಾದದ್ದು ಆದಿತ್ಯವಾರಕ್ಕೆ ಅಲ್ಲವಾ? ಶನಿವಾರ ಅದನ್ನು ಡಬ್ಬಿಯಲ್ಲಿ ಹಾಕಿ ತೂಗುವುದು ಎಂಥದ್ದಕ್ಕೆ?”

“ವಿಜ್ಞಾನಕ್ಕೆ.”

“ವಿಜ್ಞಾನಕ್ಕೆ ಬೇರೆ ದಿನ ಇಲ್ಲವಾ?”

“ಹಾಳಾಗುವುದಿಲ್ಲ ಮಾರಾಯ್ತಿ. ಬೆಂಕಿ ಹಿಂದೆ, ಕ್ಯಾಮರಾ ಮುಂದೆ. ಹೊಗೆ ಹಿಂದಕ್ಕೆ ಹೋಗ್ತದೆ. ಅದು ನಿಯಮ.”

“ನನಗೆ ನಿಯಮ ಎಲ್ಲ ಗೊತ್ತಿಲ್ಲ. ಅಮ್ಮ ಇನ್ನೊಂದು ಸಲ ಕೂತುಕೊಳ್ಳುವವರಲ್ಲ, ಅಷ್ಟು ಗೊತ್ತುಂಟು.”

ಶುಕ್ರವಾರ ಸಾಯಂಕಾಲ ಅಂಗಳದಲ್ಲಿ ಪರೀಕ್ಷೆ ನಡೆಸಿದೆ. ಕ್ಯಾಮರಾದ ಬದಲು ಡಬ್ಬಿಯೊಳಗೆ ಅರ್ಧ ಇಟ್ಟಿಗೆ ಇಟ್ಟು, ಮಾವಿನ ಕೊಂಬೆಗೆ ಹಗ್ಗದಲ್ಲಿ ತೂಗಿಸಿ, ಕೊಳವೆಯ ಬಾಯಿಯನ್ನು ಬಾವಿಯ ಕಡೆಗೆ ಮಾಡಿ ಕಿಡಿ ಮುಟ್ಟಿಸಿದೆ. ‘ಪುಸ್ಸ್’ ಎಂದಿತು. ಡಬ್ಬಿ ಗಂಭೀರವಾಗಿ ಕಾಲು ಸುತ್ತು ತಿರುಗಿ ನಿಂತಿತು. ನನ್ನ ಕಣ್ಣಲ್ಲಿ ನೀರು ಬಂತು. ಅರ್ಧ ಸಂತೋಷದ್ದು, ಅರ್ಧ ಗಂಧಕದ್ದು.

ಆಗ ಅಂಗಳದ ಈಚೆ ಬದಿಯಿಂದ ವಾರಿಜ ಕರೆದಳು. ಚಾಪೆಯ ಮೇಲೆ ಅವಳು ಎರಡು ದಿನದಿಂದ ಒಣಗಿಸುತ್ತಿದ್ದ ಸಬ್ಬಕ್ಕಿ ಸಂಡಿಗೆ ಇತ್ತು. ಬೆಳ್ಳಗಿದ್ದ ಸಂಡಿಗೆಗೆಲ್ಲ ಕರಿ ಎಳ್ಳು ಉದುರಿಸಿದ ಹಾಗಾಗಿತ್ತು. ಕೈಯಿಂದ ಮುಟ್ಟಿದರೆ ಜಿಗುಟು.

“ಹೊಗೆ ಬಾವಿಯ ಕಡೆಗೆ ಹೋಗ್ತದೆ ಅಂತ ಹೇಳಿದ್ರಿ.”

“ಗಾಳಿ ಬೀಸಿರಬೇಕು.”

ವಾರಿಜ ತಲೆ ಎತ್ತಿ ತೆಂಗಿನ ಮರ ನೋಡಿದಳು. ಒಂದು ಗರಿಯೂ ಅಲ್ಲಾಡುತ್ತಿರಲಿಲ್ಲ.

ನಿಜವಾದ ವಿಜ್ಞಾನಿಯಾದವನು ಇಲ್ಲಿ ನಿಂತು ಯೋಚಿಸಬೇಕಿತ್ತು. ಸಣ್ಣ ಬಾಯಿಯಿಂದ ಹೊರಗೆ ನುಗ್ಗಿದ ಹೊಗೆ ನೆಟ್ಟಗೆ ಹೋಗುವುದಿಲ್ಲ, ಕೊಡೆಯ ಹಾಗೆ ಬಿಚ್ಚಿಕೊಳ್ಳುತ್ತದೆ, ಬಿಚ್ಚಿಕೊಂಡ ಅಂಚು ಮರಳಿ ತಾನು ಹೊರಟ ಮನೆಯ ಮೇಲೆಯೇ ಬಂದು ಕೂರುತ್ತದೆ. ಪತ್ರಿಕೆಯ ಹರಿದುಹೋದ ಕೊನೆಯ ಪುಟದಲ್ಲಿ ಇದ್ದ ಇದೆಲ್ಲ ಆ ಸಂಡಿಗೆಯ ಚಾಪೆಯ ಮೇಲೆ ಬರೆದಿತ್ತು. ನಾನು ಓದಲಿಲ್ಲ. ನನ್ನ ನೋಟ್ ಪುಸ್ತಕದಲ್ಲಿ ‘ಪ್ರಯೋಗ ಯಶಸ್ವಿ. ಗಾಳಿ ಸ್ವಲ್ಪ’ ಎಂದು ಬರೆದುಕೊಂಡೆ. ಸಂಡಿಗೆಯನ್ನು ಬಿಸಾಡಲು ವಾರಿಜ ಒಪ್ಪಲಿಲ್ಲ. ಮುಂದಿನ ನಾಲ್ಕು ತಿಂಗಳು ಅದನ್ನು ನನ್ನ ಬಾಳೆಲೆಗೆ ಮಾತ್ರ ಬಡಿಸಿದಳು.

ಶನಿವಾರ ಬೆಳಿಗ್ಗೆ ಶಾಲೆಯ ಸಭಾಂಗಣ ತುಂಬಿತ್ತು. ಬೆಳ್ತಂಗಡಿಯಿಂದ ಒಬ್ಬ ದೊಡ್ಡ ಅಧಿಕಾರಿ ಮುಖ್ಯ ಅತಿಥಿಯಾಗಿ ಬಂದಿದ್ದರು. ಬಿಳಿ ಪ್ಯಾಂಟು, ಬಿಳಿ ಅಂಗಿ, ಮೇಲಿಂದ ನಾವು ಹೊದೆಸಿದ ಬಿಳಿ ಶಾಲು. ನನ್ನ ನೌಕೆ ತೊಲೆಯಿಂದ ಅವರ ತಲೆಯ ಎತ್ತರಕ್ಕೆ ತೂಗುತ್ತಿತ್ತು. ಡಬ್ಬಿಗೆ ಕೊರೆದ ತೂತಿನಿಂದ ಕ್ಯಾಮರಾದ ಗಾಜು ಹೊರಗೆ ನೋಡುತ್ತಿತ್ತು. ಚಿತ್ರ ತೆಗೆಯುವ ಸಣ್ಣ ಕೀಲಿಗೆ ನೂಲು ಕಟ್ಟಿ, ಅದರ ಇನ್ನೊಂದು ತುದಿಯನ್ನು ನನ್ನ ಬೆರಳಿಗೆ ಸುತ್ತಿಕೊಂಡಿದ್ದೆ. ಒಂದು ಕೊಳವೆ ಕಾಲು ಸುತ್ತು ತಿರುಗಿಸುತ್ತದೆ, ಎದುರಿನ ಕೊಳವೆ ತಡೆದು ನಿಲ್ಲಿಸುತ್ತದೆ, ನಾನು ನೂಲು ಎಳೆಯುತ್ತೇನೆ, ಮುಖ್ಯ ಅತಿಥಿಗಳ ಭಾವಚಿತ್ರ ಸಿದ್ಧವಾಗುತ್ತದೆ. ಕಾರ್ಯಕ್ರಮ ಪತ್ರಿಕೆಯಲ್ಲಿ ಇದಕ್ಕೆ ಮೂರು ನಿಮಿಷ ಕೊಟ್ಟಿದ್ದರು.

“ಮಾನ್ಯರೇ, ಬಾಹ್ಯಾಕಾಶದಲ್ಲಿ ಗಾಳಿಯೆಂಬುದು ಇರುವುದಿಲ್ಲ,” ಎಂದು ಹೇಳಿ ನಾನು ಕಿಡಿ ಮುಟ್ಟಿಸಿದೆ.

ಒಂದನೆಯ ಕೊಳವೆ ತನ್ನ ಕೆಲಸ ಮಾಡಿತು. ಆದರೆ ಅದರ ಕಿಡಿ ಪಕ್ಕದ ಕೊಳವೆಗೆ ಹಾರಿತು. ಅದು ಒಂದನೆಯದರ ಜೊತೆಗೆ ಸೇರಿಕೊಂಡಿತು. ತಡೆಯಬೇಕಾದ ಎದುರು ಕೊಳವೆ ಈ ಪ್ರಕರಣದಲ್ಲಿ ಯಾರ ಪಕ್ಷವನ್ನೂ ವಹಿಸದೆ ಸುಮ್ಮನಿತ್ತು. ನೌಕೆ ಕಾಲು ಸುತ್ತು ತಿರುಗಿತು, ಅರ್ಧ ತಿರುಗಿತು, ಪೂರ್ತಿ ತಿರುಗಿತು, ಆಮೇಲೆ ಎಣಿಸುವುದು ಕಷ್ಟವಾಯಿತು. ಬೆರಳಿನ ನೂಲು ಡಬ್ಬಿಗೆ ಸುತ್ತಿಕೊಳ್ಳುತ್ತಾ ಹೋಯಿತು. ನೂಲು ಗಟ್ಟಿ, ಗಾಳ ಹಾಕುವವರದ್ದು. ಬೆರಳು ಕೂಡ ನನ್ನದೇ. ಆದ್ದರಿಂದ ನಾನೂ ಹೋಗಬೇಕಾಯಿತು. ಆಕಾಶನೌಕೆಯನ್ನು ಎರಡೂವರೆ ಸುತ್ತು ಪ್ರದಕ್ಷಿಣೆ ಹಾಕಿದ ಮೊದಲ ವಿಜ್ಞಾನದ ಮಾಸ್ಟ್ರು ನಾನೇ ಇರಬೇಕು.

ಸಭಾಂಗಣದೊಳಗೆ ಏನೂ ಕಾಣದಂತಾಯಿತು. ಬೆಂಚುಗಳು ಬಿದ್ದವು. ಕೆಮ್ಮುತ್ತಾ ಜನ ಬಾಗಿಲಿಗೆ ನುಗ್ಗಿದರು. ಹೊಗೆ ತಿಳಿಯಾದಾಗ ಒಳಗೆ ಉಳಿದವರು ನಾನು, ಡಬ್ಬಿ ಮತ್ತು ಕಪ್ಪೆಯ ಹೃದಯ. ಹೊರಗೆ ಮುಖ್ಯ ಅತಿಥಿಗಳು ತಮ್ಮ ಶಾಲನ್ನು ಬಿಚ್ಚಿ ಬಿಸಿಲಿಗೆ ಹಿಡಿದು ನೋಡುತ್ತಿದ್ದರು. ಅದರ ಬಣ್ಣ ನಮ್ಮ ಮನೆಯ ಸಂಡಿಗೆಯದ್ದೇ.

ಹೆಡ್‌ಮಾಸ್ಟ್ರು ಬಹಳ ಸೌಮ್ಯ ಸ್ವಭಾವದವರು. ಕೆಮ್ಮು ನಿಂತ ಮೇಲೆ ನನ್ನನ್ನು ಹತ್ತಿರ ಕರೆದು, “ಬಾಹ್ಯಾಕಾಶದಲ್ಲಿ ಗಾಳಿ ಇಲ್ಲ ಅಂತ ಹೇಳಿದ್ರಿ ಮಾಸ್ಟ್ರೇ. ಅದನ್ನು ಮಾತ್ರ ಸರಿಯಾಗಿ ತೋರಿಸಿದ್ರಿ,” ಎಂದರು.

ಇದನ್ನೆಲ್ಲ ನಾನು ಸಹಿಸಿಕೊಂಡೆ. ಮರ್ಯಾದೆ ಎಂಬುದು ಮಳೆಗಾಲದ ನೇತ್ರಾವತಿಯ ಹಾಗೆ, ಇವತ್ತು ಇಳಿದದ್ದು ನಾಳೆ ಏರುತ್ತದೆ ಎಂದು ಸಮಾಧಾನ ಹೇಳಿಕೊಂಡೆ. ಆದರೆ ಮನೆಗೆ ಬಂದು ಕ್ಯಾಮರಾವನ್ನು ಡಬ್ಬಿಯಿಂದ ಹೊರಗೆ ತೆಗೆದಾಗ ಆ ಸಮಾಧಾನ ಉಳಿಯಲಿಲ್ಲ. ಹಾಲಿನ ಕೆನೆಯ ಹಾಗೆ ಒಂದು ಬೂದುಬಣ್ಣದ ಪೊರೆ ಗಾಜಿನ ಮೇಲೆ ಕೂತಿತ್ತು. ಬೆಂಕಿ ಹಿಂದೆ, ಕ್ಯಾಮರಾ ಮುಂದೆ. ಹೊಗೆಗೆ ನಿಯಮ ಯಾರೂ ಹೇಳಿರಲಿಲ್ಲ.

ಆಗ ಮಧ್ಯಾಹ್ನ ಎರಡು ಗಂಟೆ. ಬಸ್ಸು ಹತ್ತಿದರೆ ಮೂಡಬಿದ್ರೆ. ಹಸನಬ್ಬನಿಗೆ ತೋರಿಸಿದ್ದರೆ ಅವನು ನನಗೆ ಬಾಯಿಗೆ ಬಂದಂತೆ ಬೈದು, ಸ್ಪಿರಿಟ್ಟಿನಲ್ಲಿ ಒರೆಸಿ, ಅರ್ಧ ಗಂಟೆಯಲ್ಲಿ ಸರಿ ಮಾಡುತ್ತಿದ್ದ. ಬೈಗುಳ ತಿನ್ನಲು ನನಗೆ ಮನಸ್ಸಾಗಲಿಲ್ಲ. ಬೆಳಿಗ್ಗೆ ತಿಂದದ್ದೇ ಹೊಟ್ಟೆ ತುಂಬ ಇತ್ತು.

ಮೊದಲು ಗಾಜಿನ ಮೇಲೆ ಬಾಯಿಯ ಹಬೆ ಬಿಟ್ಟು ಪಂಚೆಯ ಚುಂಗಿನಿಂದ ಒರೆಸಿದೆ. ಗರ್ನಾಲಿನ ಮಸಿಗೆ ತೇವ ತಾಗಿದರೆ ಅದು ಅಂಟಾಗುತ್ತದೆ ಎಂಬುದು ಆ ಕ್ಷಣದವರೆಗೆ ನನಗೆ ಗೊತ್ತಿರಲಿಲ್ಲ. ಪೊರೆ ಹೋಗಿ ಮುಲಾಮು ಆಯಿತು.

ಆಗ ನನಗೆ ಒಂದು ಉಪಾಯ ಹೊಳೆಯಿತು. ಗಾಜಿಗೆ ಮಸಿ ಹಿಡಿಯುವುದು ಲೋಕಕ್ಕೆ ಹೊಸತೇ? ನಮ್ಮ ಮನೆಯಲ್ಲಿ ದಿನಾ ಸಾಯಂಕಾಲ ಹಿಡಿಯುತ್ತದೆ. ಲಾಟೀನಿನ ಚಿಮಣಿಯನ್ನು ವಾರಿಜ ಏನು ಮಾಡುತ್ತಾಳೆ? ಬಟ್ಟೆಯನ್ನು ಒಲೆಯ ಬೂದಿಯಲ್ಲಿ ಅದ್ದಿ ತಿಕ್ಕುತ್ತಾಳೆ. ಫಳಫಳ ಹೊಳೆಯುತ್ತದೆ. ನನ್ನ ಅಮ್ಮ ಮಾಡಿದ್ದು ಅದನ್ನೇ, ಅಜ್ಜಿ ಮಾಡಿದ್ದೂ ಅದನ್ನೇ. ಮೂರು ತಲೆಮಾರಿನ ಪ್ರಯೋಗದ ಮುಂದೆ ಹಸನಬ್ಬನ ಸ್ಪಿರಿಟ್ಟು ಯಾವ ಲೆಕ್ಕ?

ತೆಂಗಿನ ಸಿಪ್ಪೆಯ ಬೂದಿಯನ್ನು ಜರಡಿ ಹಿಡಿದು, ಅತ್ಯಂತ ನಯವಾದದ್ದನ್ನೇ ತೆಗೆದುಕೊಂಡು ತಿಕ್ಕಿದೆ. ಮಸಿ ಹೋಯಿತು. ಪೂರ್ತಿ ಹೋಯಿತು. ಮಸಿ ಹೋದ ಮೇಲೆ ಗಾಜಿನ ಉದ್ದಗಲಕ್ಕೂ ಬೆಕ್ಕು ಪರಚಿದ ಹಾಗೆ ಕೂದಲೆಳೆಯ ಗೀರುಗಳು ಕಂಡವು. ಚಿಮಣಿಗೂ ಗೀರು ಬೀಳುತ್ತಿತ್ತೋ ಏನೋ. ಚಿಮಣಿಯಲ್ಲಿ ಫೋಟೊ ತೆಗೆಯುವ ಪದ್ಧತಿ ಇಲ್ಲದ ಕಾರಣ ಯಾರೂ ಗಮನಿಸಿರಲಿಲ್ಲ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ನಮ್ಮ ಕಡೆ ಗಾಯಕ್ಕೂ, ತಲೆನೋವಿಗೂ, ಕಿರ್ರೆನ್ನುವ ಬಾಗಿಲಿಗೂ ಮದ್ದು ಒಂದೇ. ಒಂದು ಹನಿ ತೆಂಗಿನೆಣ್ಣೆ ಸವರಿದೆ. ಗೀರುಗಳು ಮಾಯವಾದವು. ಗಾಜು ಹೊಳೆಯಿತು. ಅಷ್ಟು ಚೆನ್ನಾಗಿ ಅದು ಹಸನಬ್ಬನ ಕೈಯಲ್ಲಿ ಯಾವತ್ತೂ ಹೊಳೆದಿರಲಿಕ್ಕಿಲ್ಲ.

ಸಾಯಂಕಾಲ ಮಗಳಿಗೆ ಜಡೆ ಹಾಕುತ್ತಾ ವಾರಿಜ ಕೇಳಿದಳು, “ಕ್ಯಾಮರಾ ಸರಿ ಉಂಟಲ್ಲ?”

“ಉಂಟು,” ಎಂದೆ.

ನಾನು ಜೀವನದಲ್ಲಿ ಹಲವು ಸುಳ್ಳು ಹೇಳಿದ್ದೇನೆ. ಹೆಚ್ಚಿನವು ಮರೆತುಹೋಗಿವೆ. ಆ ಒಂದು ‘ಉಂಟು’ ಮಾತ್ರ ಈಗಲೂ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಉಳಿದಿದೆ.

ಆದಿತ್ಯವಾರ ಬೆಳಿಗ್ಗೆ ನಾನು ಮದುವೆಯ ಕರಿ ಕೋಟು ಹಾಕಿಕೊಂಡೆ. “ಫೋಟೊ ಅಮ್ಮನದ್ದು, ಕೋಟು ನಿಮಗೆ ಎಂಥದ್ದಕ್ಕೆ?” ಎಂದಳು ವಾರಿಜ. ಇರಲಿ ಎಂದೆ. ಮೂಡಬಿದ್ರೆಯಲ್ಲಿ ಬಸ್ಸು ಬದಲಿಸುವಾಗ ಹಸನಬ್ಬ ಜೊತೆಯಾದ. ಬಸ್ಸಿನಲ್ಲಿ ಕ್ಯಾಮರಾ ಕೈಗೆ ಕೊಟ್ಟಾಗ ಅವನು ಮುಚ್ಚಳವನ್ನು ತೆರೆಯದೆ ಮೂಗಿನ ಹತ್ತಿರ ಹಿಡಿದ.

“ಎಂಥದ್ದು ಮಾರಾಯ, ಒಗ್ಗರಣೆಯ ಪರಿಮಳ?”

“ಮನೆಯಲ್ಲಿ ಇಟ್ಟದ್ದಲ್ಲವಾ.”

ಬೆಳುವಾಯಿಯಲ್ಲಿ ಅತ್ತೆ ಸಿದ್ಧರಾಗಿದ್ದರು. ಎಣ್ಣೆ ಹಾಕಿ ಸ್ನಾನ ಮಾಡಿ, ಮಡಿಕೆ ಮುರಿಯದ ಬಿಳಿ ಸೀರೆ ಉಟ್ಟು, ಬಿಳಿ ಕೂದಲನ್ನು ಬಿಗಿಯಾಗಿ ಕಟ್ಟಿ, ಬೆಳಿಗ್ಗೆಯೇ ದೈವಕ್ಕೆ ಕೈಮುಗಿದು ಬಂದು ಜಗಲಿಯಲ್ಲಿ ಕೂತಿದ್ದರು. ಕಚೇರಿಯಲ್ಲಿ ಸಾಕ್ಷಿ ಹೇಳಲು ಬಂದವರ ಹಾಗೆ ಕಾಣುತ್ತಿದ್ದರು.

“ಒಂದೇ ಸಲ, ಬ್ಯಾರಿಗಳೇ,” ಎಂದರು ಹಸನಬ್ಬನಿಗೆ. “ದೈವದ ಹತ್ತಿರ ಹೇಳಿ ಆಗಿದೆ.”

“ಒಂದೇ ಸಲ ಸಾಕು ಅಮ್ಮ. ನನ್ನ ಕ್ಯಾಮರಾ ಇದುವರೆಗೆ ತಪ್ಪಿದ್ದಿಲ್ಲ,” ಎಂದ ಹಸನಬ್ಬ.

ನಾನು ಅಂಗಳದ ತುಳಸಿಕಟ್ಟೆಯನ್ನು ಬಹಳ ಆಸಕ್ತಿಯಿಂದ ನೋಡಿದೆ.

ಮುಖ ಚೆನ್ನಾಗಿ ಬರಲಿ ಎಂದು ಹಸನಬ್ಬ ಕುರ್ಚಿಯನ್ನು ಜಗಲಿಯ ಅಂಚಿಗೆ, ಬಿಸಿಲು ಬೀಳುವಲ್ಲಿಗೆ ತಂದಿಟ್ಟ. ಹಿಂದೆ ಸುಣ್ಣ ಬಳಿದ ಗೋಡೆ. ಅತ್ತೆ ಕೂತರು. ಕೂತವರು, “ಒಬ್ಬಳೇ ಆಗುವುದಿಲ್ಲ. ಹೆದರಿಕೆ ಆಗ್ತದೆ. ಯಾರಾದ್ರೂ ಪಕ್ಕದಲ್ಲಿ ನಿಲ್ಲಿ,” ಎಂದರು. ವಾರಿಜ ಮಗಳನ್ನು ಎತ್ತಿಕೊಂಡು ಕ್ಯಾಮರಾದ ಹಿಂದೆ ನಿಂತಿದ್ದಳು, ಅಜ್ಜಿ ಕಣ್ಣು ಮುಚ್ಚದೆ ಮೊಮ್ಮಗಳನ್ನೇ ನೋಡಲಿ ಎಂದು. ಕೋಟು ಹಾಕಿಕೊಂಡು ಸಿದ್ಧವಾಗಿ ನಿಂತಿದ್ದವನು ಒಬ್ಬನೇ. ನಾನು ಕಂಬದ ನೆರಳಿನಲ್ಲಿ ನಿಂತು, ಕುರ್ಚಿಯ ಬೆನ್ನಿಗೆ ಕೈಯಿಟ್ಟು, ಎದೆ ಮುಂದೆ ಮಾಡಿದೆ.

ಆಗಲೂ ಹೊತ್ತಿತ್ತು. ಹಸನಬ್ಬ ಕ್ಯಾಮರಾ ತೆರೆದಿದ್ದ. ಆ ಕ್ಯಾಮರಾದಲ್ಲಿ ಅವನು ನೋಡುವ ಗಾಜು ಬೇರೆ, ಚಿತ್ರ ಹಿಡಿಯುವ ಗಾಜು ಬೇರೆ. ಆದ್ದರಿಂದ ಅವನಿಗೆ ಎಲ್ಲವೂ ಸ್ವಚ್ಛವಾಗಿಯೇ ಕಾಣುತ್ತಿತ್ತು. “ನಿಲ್ಲು ಮಾರಾಯ, ಗಾಜು ಒಮ್ಮೆ ನೋಡು” ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂತು. ಅತ್ತೆ ಉಸಿರು ಹಿಡಿದಿದ್ದರು. ವಾರಿಜ ತುಟಿ ಕಚ್ಚಿಕೊಂಡು ಅಮ್ಮನನ್ನೇ ನೋಡುತ್ತಿದ್ದಳು, ಹನ್ನೆರಡು ವರ್ಷ ಕಾದ ಮುಖ ಅದು. ನಾನು ಬಾಯಿ ತೆರೆದೆ.

“ಬಾಯಿ ಮುಚ್ಚು,” ಎಂದ ಹಸನಬ್ಬ. ಅರ್ಧ ಮುಚ್ಚುವಷ್ಟರಲ್ಲಿ ‘ಟಿಕ್’ ಎಂದಿತು.

ಐದನೆಯ ದಿನ ಹಸನಬ್ಬ ನರಿಕೊಂಬಿಗೆ ಬಂದ. ಸಾಮಾನ್ಯವಾಗಿ ಅವನು ಬಂದರೆ ಗೇಟಿನಿಂದಲೇ ಕರೆಯುತ್ತಾನೆ. ಅವತ್ತು ಒಳಗೆ ಬಂದು ಕೂತ. ಚಾ ಬೇಡ ಎಂದ. ಕವರಿನಿಂದ ಫೋಟೊ ತೆಗೆದು ವಾರಿಜಳಿಗೆ ಕೊಡದೆ ನನಗೆ ಕೊಟ್ಟ.

ಬಿಸಿಲಿನಲ್ಲಿದ್ದ ಬಿಳಿ ಸೀರೆ, ಬಿಳಿ ಕೂದಲು, ಬಿಳಿ ಗೋಡೆ ಎಲ್ಲವೂ ಒಂದರೊಳಗೊಂದು ಕರಗಿ, ಗಂಜಿಯ ತಿಳಿಯ ಹಾಗೆ ಆಗಿತ್ತು. ಅತ್ತೆಯ ಮುಖ ಇರಬೇಕಾದಲ್ಲಿ ಬೆಳಕಿನ ಒಂದು ಮುದ್ದೆ. ಗಮನವಿಟ್ಟು ನೋಡಿದರೆ ಕಿವಿಯ ಬೆಂಡೋಲೆಗಳು ಇದ್ದ ಜಾಗದಲ್ಲಿ ಎರಡು ಚುಕ್ಕೆ. ಪಕ್ಕದಲ್ಲಿ, ಕಂಬದ ನೆರಳಿನಲ್ಲಿ, ಕರಿ ಕೋಟಿನಲ್ಲಿ, ಎದೆ ಮುಂದೆ ಮಾಡಿಕೊಂಡು, ಅರ್ಧ ತೆರೆದ ಬಾಯಿಯಲ್ಲಿ ನಾನು. ಕೋಟಿನ ಗುಂಡಿಗಳನ್ನು ಎಣಿಸಬಹುದಿತ್ತು.

“ಬೂದಿಯಲ್ಲಿ ತಿಕ್ಕಿದ್ದಾ?” ಎಂದು ಹಸನಬ್ಬ ಮೆಲ್ಲಗೆ ಕೇಳಿದ.

“ಜರಡಿ ಹಿಡಿದಿದ್ದೆ.”

“ಎಣ್ಣೆ?”

“ಒಂದೇ ಹನಿ.”

ಹಸನಬ್ಬ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಎಂಥ ಸಾವು ಮಾರಾಯ,” ಎಂದು ಹೇಳಿ ಎದ್ದು ಹೋದ. ಆ ಕ್ಯಾಮರಾಕ್ಕೆ ಹೊಸ ಗಾಜು ಬೊಂಬಾಯಿಯಿಂದ ಬರುವವರೆಗೆ ನಾನು ಮೂಡಬಿದ್ರೆಯಲ್ಲಿ ಬಸ್ಸು ಬದಲಿಸುವಾಗ ಅವನ ಸ್ಟುಡಿಯೊದ ಕಡೆಗೆ ಮುಖ ಹಾಕುತ್ತಿರಲಿಲ್ಲ.

ವಾರಿಜ ಫೋಟೊವನ್ನು ಕಿಟಕಿಯ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದಳು. ತಿರುಗಿಸಿ ನೋಡಿದಳು. ಬೆಂಡೋಲೆಯ ಚುಕ್ಕೆಗಳ ಮೇಲೆ ಬೆರಳಿಟ್ಟಳು. ಆಮೇಲೆ ಅಡುಗೆಮನೆಗೆ ಹೋಗಿ ಬೆನ್ನು ತಿರುಗಿಸಿ ನಿಂತು ಅತ್ತಳು. ಸಣ್ಣ ದನಿಯಲ್ಲಿ ಅತ್ತಳು, ನನಗೆ ಕೇಳಬಾರದು ಎಂದು. ನಾನು ಬಾಗಿಲಲ್ಲಿ ನಿಂತು ನಡೆದದ್ದನ್ನೆಲ್ಲ ಹೇಳಿದೆ, ಎಣ್ಣೆಯವರೆಗೆ. ಹೇಳಿ ಮುಗಿಸಿದ ಮೇಲೆ ನನಗೆ ನನ್ನ ಮೇಲೆ ಬಂದಷ್ಟು ಹೇಸಿಗೆ ಅದಕ್ಕೆ ಮೊದಲು ಬಂದಿರಲಿಲ್ಲ.

ಮರುದಿನವೇ ಬೆಳುವಾಯಿಗೆ ಹೋಗಿ ಅತ್ತೆಯ ಮುಂದೆ ಫೋಟೊ ಇಟ್ಟು, ತಪ್ಪು ಒಪ್ಪಿಕೊಂಡು, ಇನ್ನೊಂದೇ ಒಂದು ಸಲ ಕೂತುಕೊಳ್ಳಬೇಕು ಎಂದು ಬೇಡಿಕೊಂಡೆ. ಅತ್ತೆ ಫೋಟೊವನ್ನು ಹತ್ತಿರ ಹಿಡಿದರು, ದೂರ ಹಿಡಿದರು. ಅವರ ಮುಖ ನಿಧಾನಕ್ಕೆ ಅರಳಿತು.

“ನಾನು ಎಲ್ಲಿದ್ದೇನೆ?”

“ಇಲ್ಲಿ,” ಎಂದು ಮುದ್ದೆಯನ್ನು ತೋರಿಸಿದೆ.

“ನಾನು ಬರ್ಲೇ ಇಲ್ಲ!” ಎಂದರು ಅತ್ತೆ. “ಕಾಯಿ ಅಂತ ಹೇಳಿದ್ದೆ, ದೈವ ಕಾದಿದೆ. ನೀವು ಎಂಥದ್ದಕ್ಕೆ ಬೇಜಾರು ಮಾಡುವುದು ಮಾಸ್ಟ್ರೇ? ಇನ್ನೊಂದು ಸಲ ಇಲ್ಲ. ಮಾತು ಅಂದ್ರೆ ಮಾತು.” ಅಷ್ಟರಲ್ಲಿ ಅವರ ಕಣ್ಣು ಕರಿ ಕೋಟಿನ ಮೇಲೆ ಬಿತ್ತು. ನಗು ನಿಂತಿತು. ಅನುಕಂಪದಿಂದ ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು. “ಆದರೆ ನೀವು ಸರಿಯಾಗಿ ಬಂದಿದ್ದೀರಿ. ಸ್ವಲ್ಪ ಜಾಗ್ರತೆ ಮಾಡಿ ಆ?”

ನನಗೆ ಒಂದೂವರೆ ತಿಂಗಳು ಸರಿಯಾಗಿ ನಿದ್ದೆ ಬರಲಿಲ್ಲ. ನಾನು ವಿಜ್ಞಾನದ ಮಾಸ್ಟ್ರು. ಅಂಥದ್ದನ್ನೆಲ್ಲ ನಂಬುವವನಲ್ಲ. ಆದರೂ ಕ್ಯಾಲೆಂಡರಿನಲ್ಲಿ ದಿನ ಎಣಿಸುತ್ತಿದ್ದೆ.

ಅತ್ತೆ ಆಮೇಲೆ ಆರು ವರ್ಷ ಚೆನ್ನಾಗಿ ಬದುಕಿ, ಎಂಬತ್ತು ದಾಟಿ ತೀರಿಕೊಂಡರು. ಕೊನೆಯವರೆಗೂ ಇನ್ನೊಂದು ಫೋಟೊಕ್ಕೆ ಕೂರಲಿಲ್ಲ. ವಾರಿಜ ಇದ್ದ ಆ ಒಂದನ್ನೇ ಚೌಕಟ್ಟು ಹಾಕಿಸಿ ನಮ್ಮ ಚಾವಡಿಯಲ್ಲಿ ತೂಗುಹಾಕಿದಳು. ದಿನಾ ಬೆಳಿಗ್ಗೆ ಅದಕ್ಕೆ ಒಂದು ಮಲ್ಲಿಗೆ ಮಾಲೆ ಹಾಕಿ, ಊದುಬತ್ತಿ ಹಚ್ಚಿ, ಬೆಂಡೋಲೆಯ ಚುಕ್ಕೆಗಳನ್ನು ನೋಡಿ ಕೈಮುಗಿಯುತ್ತಾಳೆ. ಮಗಳಿಗೆ, “ಇಲ್ಲಿ ಅಜ್ಜಿ ನಿನ್ನನ್ನೇ ನೋಡ್ತಿದ್ದಾರೆ,” ಎಂದು ಮುದ್ದೆಯನ್ನು ತೋರಿಸುತ್ತಾಳೆ. ಮಗಳು ತಲೆಯಾಡಿಸುತ್ತಾಳೆ. ವರ್ಷಗಳು ಕಳೆದ ಹಾಗೆ ಅವಳ ನೆನಪಿನಲ್ಲಿ ಉಳಿದ ಅಜ್ಜಿಯ ಮುಖವೂ ಅಷ್ಟೇ. ಇದನ್ನು ಬರೆಯುವಾಗಲೂ ನನಗೆ ಕಷ್ಟವಾಗುತ್ತದೆ.

ಆ ಘಟನೆಯ ನಂತರ ನಮ್ಮ ಮನೆಯಲ್ಲಿ ಲಾಟೀನಿನ ಚಿಮಣಿ ತಿಕ್ಕುವ ಕೆಲಸ ನನ್ನದು. ಯಾರೂ ಹೇಳಿದ್ದಲ್ಲ. ಒಂದು ಸಾಯಂಕಾಲ ವಾರಿಜ ಚಿಮಣಿಯನ್ನೂ ಬೂದಿ ತುಂಬಿದ ತೆಂಗಿನ ಗೆರಟೆಯನ್ನೂ ನನ್ನ ಪಕ್ಕದಲ್ಲಿ ಇಟ್ಟು ಹೋದಳು, ಅಷ್ಟೇ.

ಮೊನ್ನೆ ಓಟಿನ ಪಟ್ಟಿ ಸರಿಮಾಡಲು ಒಬ್ಬ ಹೊಸ ಮಾಸ್ಟ್ರು ಬಂದಿದ್ದರು, ಊರಿಗೆ ಹೊಸಬರು. ನಾನು ಹಿಂದಿನ ಜಗಲಿಯಲ್ಲಿ ಇದ್ದೆ, ಬಾಗಿಲ ಸಂದಿನಿಂದ ಚಾವಡಿ ಕಾಣುತ್ತಿತ್ತು. ಅವರು ಚಾವಡಿಯಲ್ಲಿ ಕೂತು, ಮಾಲೆ ಹಾಕಿದ ಫೋಟೊ ನೋಡಿ, ಚಪ್ಪಲಿ ಬಿಟ್ಟು ಬಂದಿದ್ದೇನಲ್ಲ ಎಂದು ಖಚಿತ ಮಾಡಿಕೊಂಡು, ದನಿ ತಗ್ಗಿಸಿ ವಾರಿಜಳನ್ನು ಕೇಳುವುದು ನನಗೆ ಕೇಳಿಸಿತು.

“ಯಜಮಾನರು ಹೋಗಿ ಎಷ್ಟು ವರ್ಷ ಆಯ್ತು ಅಮ್ಮ? ಪಟ್ಟಿಯಲ್ಲಿ ಹೆಸರು ಇನ್ನೂ ಉಂಟು. ತೆಗೆಯುವುದಾ?”

ವಾರಿಜ ಸ್ವಲ್ಪ ಹೊತ್ತು ಯೋಚಿಸಿದಳು. ಆ ಸ್ವಲ್ಪ ಹೊತ್ತು ನನಗೆ ಅಷ್ಟು ಹಿತವಾಗಲಿಲ್ಲ.

“ಇರಲಿ,” ಎಂದಳು. “ಹಿಂದೆ ಚಿಮಣಿ ತಿಕ್ಕುತ್ತಿದ್ದಾರೆ.”

ನಾನು ಚಿಮಣಿಯನ್ನು ಬೆಳಕಿಗೆ ಹಿಡಿದು ನೋಡಿದೆ. ಒಂದು ಬದಿಯಲ್ಲಿ ಇನ್ನೂ ಸ್ವಲ್ಪ ಮಸಿ ಉಳಿದಿತ್ತು.